ಲಿಯೋಂ ಗೋಡೆಯ ಮೇಲೆ ಅತ್ತೆಯ ಆನೆ

ಬಾದಾಮಿ, ಕೆರೆಯ ಮೆಟ್ಟಿಲು

ನಾನು ಹುನಗುಂದದ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ. ಮನೆ ಇಳಕಲ್ಲು. ಮಾವನವರ ಕಾಲದಲ್ಲಿ ಮನೆಯಲ್ಲಿ ಕುಣಿಮಗ್ಗವಿತ್ತು, ಈಗ ಗಂಡ ಪವರ್‌ಲೂಮ್ ನಡೆಸುತ್ತಾರೆ. ಅತ್ತೆ ನೀಲವ್ವ ಮಾತ್ರ ಎಂದೂ ಮಗ್ಗಕ್ಕೆ ಕೂತವರಲ್ಲ. ಅವರದು ಸೂಜಿಯ ಕೆಲಸ. ಮೊದಲೇ ಗೆರೆ ಬರೆದುಕೊಳ್ಳದೆ, ಬಟ್ಟೆಯ ಎಳೆಗಳನ್ನು ಎಣಿಸುತ್ತ, ಗಂಟು ಎಲ್ಲಿಯೂ ಕಾಣದಂತೆ ಸೀರೆಯ ಮೇಲೆ ಕಸೂತಿ ಹಾಕುತ್ತಿದ್ದರು: ಗೋಪುರ, ನವಿಲು, ಅಂಬಾರಿ ಹೊತ್ತ ಆನೆ.

ಹಾಕುತ್ತಿದ್ದರು ಎಂದೇ ಬರೆಯಬೇಕು. ಕೆಲವು ವರ್ಷಗಳಿಂದ ಅವರ ನೋಟದ ನಟ್ಟನಡುವೆ ಒಂದು ಮಂಜು ಕೂತಿದೆ. ಇದು ಪೊರೆಯಲ್ಲ, ಕಣ್ಣಿನ ಒಳಪರದೆಯೇ ಸವೆದಿದೆ, ಆಪರೇಷನ್ನಿಗೆ ಬಗ್ಗುವುದಿಲ್ಲ ಎಂದರು ಬಾಗಲಕೋಟೆಯ ಡಾಕ್ಟರು. ಎದುರಿಗೆ ಕೂತವರ ಮುಖ ಅವರಿಗೆ ಕಾಣುವುದಿಲ್ಲ. ಪಕ್ಕದಲ್ಲಿ ನಿಂತವರ ಸೀರೆಯ ಬಣ್ಣ ಕಾಣುತ್ತದೆ. ಏನನ್ನಾದರೂ ನೋಡಲೇಬೇಕೆಂದರೆ ಕೋಳಿಯ ಹಾಗೆ ಕತ್ತು ಓರೆ ಮಾಡುತ್ತಾರೆ. ಒಂದು ದಿನ ಸೂಜಿಗಳ ಡಬ್ಬಿಯನ್ನು ನನ್ನ ಕೈಗಿಟ್ಟು, "ಇಟ್ಕೋಳವಾ, ನನಗಿನ್ನ ಬ್ಯಾಡ" ಎಂದರು. ಆಮೇಲೆ ಆ ಮಾತೆತ್ತಲೇ ಇಲ್ಲ.

ಬನಶಂಕರಿಗೆ ಹೋಗಿ ಬರುವಾಗ ಒಂದು ಸಂಜೆ ಬಾದಾಮಿಯಲ್ಲಿ ಇಳಿದೆವು. ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಅತ್ತೆ ಕಾಲು ಚಾಚಿ ಕೂತಿದ್ದರು. ಅಲ್ಲೇ ಒಬ್ಬ ವಿದೇಶಿ ಹೆಣ್ಣುಮಗಳು ಕೆಂಪು ಬಂಡೆಯನ್ನು ನೋಡುತ್ತ ನಿಂತಿದ್ದವಳು, ಬಂಡೆಯನ್ನು ಬಿಟ್ಟು ಅತ್ತೆಯ ಸೆರಗು ನೋಡಲು ಶುರು ಮಾಡಿದಳು. ಹೆಸರು ಕ್ಲೇರ್. ಊರು ಫ್ರಾನ್ಸಿನ ಲಿಯೋಂ. ಹಬ್ಬಗಳಿಗೆ ಹಳೆಯ ಕಟ್ಟಡಗಳ ಮೇಲೆ ಬೆಳಕಿನ ಚಿತ್ರ ಮೂಡಿಸುವುದು ತನ್ನ ಕೆಲಸ ಎಂದಳು. ಈ ಬಂಡೆಯ ಮೇಲೂ ಮೂಡಿಸಬಹುದೇ ಎಂದು ನಾನು ಕೇಳಿದ್ದಕ್ಕೆ ನಕ್ಕು, "ಇಲ್ಲಿ ಸೂರ್ಯನೇ ದಿನಾ ಆ ಕೆಲಸ ಮಾಡುತ್ತಿದ್ದಾನೆ, ನನಗೇನು ಉಳಿದಿದೆ?" ಎಂದಳು. ಅತ್ತೆಯ ಸೆರಗಿನ ಆನೆಯನ್ನು ಮುಟ್ಟಬಹುದೇ ಎಂದು ಕೇಳಿ ಮುಟ್ಟಿದಳು.

ಅವಳು ನಮ್ಮ ಜೊತೆ ಇಳಕಲ್ಲಿಗೆ ಬಂದಳು. ಕೆಲವು ದಿನ ಮನೆಯಲ್ಲೇ ಉಳಿದು, ಟ್ರಂಕಿನಲ್ಲಿದ್ದ ಸೀರೆಗಳನ್ನೆಲ್ಲ ಅಂಗಳದಲ್ಲಿ ಹರವಿ ಫೋಟೋ ತೆಗೆದುಕೊಂಡಳು. ಅತ್ತೆ ಅವಳನ್ನು ಕ್ಲೇರವ್ವ ಎಂದು ಕರೆದರು. ಮುಂದಿನ ವರ್ಷ ಅವಳಿಂದ ಕರೆ ಬಂತು. ಲಿಯೋಂನಲ್ಲಿ ಡಿಸೆಂಬರಿನ ಬೆಳಕಿನ ಹಬ್ಬಕ್ಕೆ ಒಂದು ಗೋಡೆ ಸಿಕ್ಕಿದೆ, ಅದರ ಮೇಲೆ ಅತ್ತೆಯ ಕಸೂತಿ ಏರಲಿದೆ, ಇಬ್ಬರೂ ಬರಬೇಕು. ಆನೆ ಎಷ್ಟು ದೊಡ್ಡದಾಗುತ್ತದೆ ಎಂದು ಕೇಳಿದೆ. ನಾಲ್ಕು ಮಾಳಿಗೆಯಷ್ಟು ಎಂದಳು.

ನಾನು ಫೋನು ಹಿಡಿದೇ ಲೆಕ್ಕ ಹಾಕಿದೆ. ನಾಲ್ಕು ಮಾಳಿಗೆಯಷ್ಟು ದೊಡ್ಡದಾದರೆ ಅತ್ತೆಯ ಕಣ್ಣಿನ ಮಂಜು ಅದನ್ನು ಪೂರ್ತಿ ಮುಚ್ಚಲಾರದು. ಅವರು ತಮ್ಮ ಹೊಲಿಗೆಯನ್ನು ಮತ್ತೊಮ್ಮೆ ನೋಡಬಹುದು. ಬೇರೆ ಕಾರಣ ನನಗೆ ಬೇಕಿರಲಿಲ್ಲ.

ಎರಡು ನದಿಗಳ ಊರು

ವಿಮಾನ ನಿಲ್ದಾಣದಲ್ಲಿ ಅತ್ತೆಯ ಚೀಲದಿಂದ ವಿಭೂತಿ ಗಟ್ಟಿ ಹೊರಬಂತು. ತಪಾಸಣೆಯವನು ಅದನ್ನು ಮೂಸಿದ, ಬೆಳಕಿಗೆ ಹಿಡಿದ, ಇನ್ನೊಬ್ಬನನ್ನು ಕರೆದ. ಅತ್ತೆ ಬೇಸರದಿಂದ ಅದರ ಮೇಲೆ ಬೆರಳೆಳೆದು ಅವನ ಹಣೆಯ ಕಡೆ ಕೈ ಚಾಚಿದರು. ಅವನು ಒಂದು ಹೆಜ್ಜೆ ಹಿಂದೆ ಸರಿದು, ಗಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟ. ಕಟಕ ರೊಟ್ಟಿ, ಶೇಂಗಾ ಚಟ್ನಿಯ ಗೋಜಿಗೆ ಯಾರೂ ಹೋಗಲಿಲ್ಲ.

ಲಿಯೋಂಗೆ ನಾವು ತಲುಪಿದ್ದು ಮಂಜಿನಲ್ಲಿ. ಊರು ಇದೆಯೋ ಇಲ್ಲವೋ ಎನ್ನುವಂತಿತ್ತು. ಒಂದು ಸೇತುವೆ ಶುರುವಾಗುತ್ತಿತ್ತು, ಅದರ ಕೊನೆ ಕಾಣುತ್ತಿರಲಿಲ್ಲ. ಮೇಲೆಲ್ಲೋ ಗಂಟೆ ಬಾರಿಸುತ್ತಿತ್ತು, ಗೋಪುರ ಕಾಣುತ್ತಿರಲಿಲ್ಲ. ನಾನು ತಡವರಿಸುತ್ತ ನಡೆಯುತ್ತಿದ್ದರೆ ಅತ್ತೆ ನನ್ನ ತೋಳು ಹಿಡಿದು ಸಲೀಸಾಗಿ ಬಂದರು. "ಇವತ್ತ ಎಲ್ಲಾರ ಕಣ್ಣೂ ನನ್ನಂಗ ಆಗ್ಯಾವ ನೋಡು" ಎಂದು ಅವರಿಗೆ ನಗು.

ಮರುದಿನ ಕ್ಲೇರ್ ನಮ್ಮನ್ನು ಎರಡು ನದಿಗಳು ಕೂಡುವ ಜಾಗಕ್ಕೆ ಕರೆದೊಯ್ದಳು. ಒಂದರ ನೀರು ಹಸಿರು, ಇನ್ನೊಂದರದು ಮಣ್ಣಿನ ಬಣ್ಣ. ಕೂಡಿದ ಮೇಲೂ ಸ್ವಲ್ಪ ದೂರ ಬೇರೆಬೇರೆಯಾಗಿಯೇ ಹರಿಯುತ್ತವೆ. ಅತ್ತೆ ಕೊರೆಯುವ ನೀರಿನಲ್ಲಿ ಬೆರಳದ್ದಿ ಕಣ್ಣಿಗೆ ಒತ್ತಿಕೊಂಡರು. "ಇದೂ ಕೂಡಲಸಂಗಮನ ಬಿಡು," ಎಂದರು. "ನದಿ ಕೂಡಿದಲ್ಲೆಲ್ಲಾ ಅಂವ ಇರ್ತಾನ."

ಆ ಊರಿನಲ್ಲಿ ಅಂಗಡಿಯೊಳಗೆ ಕಾಲಿಟ್ಟ ಕೂಡಲೇ "ಬೋಂಜೂರ್" ಅನ್ನಬೇಕು. ಅನ್ನದೆ ಸಾಮಾನು ಕೇಳಿದರೆ ಅಂಗಡಿಯವರು ಮುಖ ಬಿಗಿಯುತ್ತಾರೆ. ನಮ್ಮಲ್ಲಿ ನೇರವಾಗಿ "ಸಕ್ಕರಿ ಐತೇನ್ರಿ?" ಎಂದೇ ಒಳಗೆ ಹೋಗುವ ಪದ್ಧತಿ, ನನಗೆ ದಿನಾ ಮರೆಯುತ್ತಿತ್ತು. ಅತ್ತೆ ಮರೆಯಲಿಲ್ಲ. ಅವರು ಎಲ್ಲರಿಗೂ ಕೈಜೋಡಿಸಿ "ಶರಣ್ರೀ" ಎನ್ನುತ್ತಿದ್ದರು. ಬ್ರೆಡ್ ಅಂಗಡಿಯ ದಪ್ಪ ಹೆಂಗಸು ಎರಡನೆಯ ದಿನ ನಮ್ಮನ್ನು ಕಂಡೊಡನೆ, ತಾನೇ ಮೊದಲಾಗಿ, "ಶರಾನ್ರೀ!" ಎಂದು ಕೂಗಿದಳು. ಟ್ರಾಮಿನಲ್ಲಿ ಮಾತ್ರ ಯಾರೂ ಯಾರ ಜೊತೆಗೂ ಮಾತಾಡುವುದಿಲ್ಲ. ನಾಯಿಗಳೂ ಸುಮ್ಮನೆ ಕೂತು ಪ್ರಯಾಣ ಮಾಡುತ್ತವೆ. ಇಳಕಲ್ಲಿನಿಂದ ಹುನಗುಂದಕ್ಕೆ ಬಸ್ಸಿನಲ್ಲಿ ಹೋಗುವಷ್ಟರಲ್ಲಿ ನನಗೆ ಇಬ್ಬರ ಮನೆಯ ಮದುವೆ ಮಾತುಕತೆ ತಿಳಿದಿರುತ್ತದೆ ಎಂದು ಕ್ಲೇರ್‌ಗೆ ಹೇಳಿದರೆ ಅವಳು ನಂಬಲಿಲ್ಲ.

ಮಗ್ಗದವರ ಗುಡ್ಡ

ನಮ್ಮ ಗೋಡೆಯಿದ್ದದ್ದು ಗುಡ್ಡದ ಮೇಲಿನ ಹಳೆಯ ಓಣಿಯಲ್ಲಿ. ಹಿಂದೆ ಅಲ್ಲಿ ರೇಷ್ಮೆ ನೇಯುವವರು ಇದ್ದರಂತೆ. ಅವರ ಮಗ್ಗಗಳು ಎತ್ತರವಾಗಿದ್ದುದರಿಂದ ಮನೆಗಳ ಮಾಳಿಗೆಗಳೂ ಎತ್ತರ, ಕಿಟಕಿಗಳೂ ಉದ್ದುದ್ದ. ನಮ್ಮವರು ಮಗ್ಗಕ್ಕಾಗಿ ನೆಲ ತೋಡಿದರು, ಇವರು ಸೂರನ್ನೇ ಮೇಲೆತ್ತಿದರು. ಈಗ ಅಲ್ಲಿ ನೇಯುವವರಿಲ್ಲ.

ಪುಟ್ಟ ಚೌಕದ ಒಂದು ಬದಿಗೆ ಗೋದಿ ಬಣ್ಣದ ಐದು ಮಾಳಿಗೆಯ ಕಟ್ಟಡ. ಎದುರಿನ ತಗಡಿನ ಗೂಡಿನಲ್ಲಿ ಪ್ರೊಜೆಕ್ಟರುಗಳು. ಕ್ಲೇರ್ ತನ್ನ ಕೆಲಸವನ್ನು ವಿವರಿಸಿದಳು. ಸಿನಿಮಾ ಪರದೆಯ ಹಾಗೆ ಇಲ್ಲಿ ಸಪಾಟು ಜಾಗವಿಲ್ಲ. ಆದ್ದರಿಂದ ಗೋಡೆಯ ಒಂದೊಂದು ಕಿಟಕಿ, ಚೌಕಟ್ಟು, ಉಬ್ಬಿದ ಕಲ್ಲಿನ ಅಳತೆ ತೆಗೆದು, ಚಿತ್ರವನ್ನು ಆ ಗೋಡೆಗೇ ಅಂಗಿ ಹೊಲಿದಂತೆ ಹೊಂದಿಸಬೇಕು. ಆಮೇಲೆ ಬೆಳಕು ಬಿಟ್ಟರೆ ಕಲ್ಲೇ ಕರಗಿ ಬೇರೆಯಾದಂತೆ ಕಾಣುತ್ತದೆ. ಇದಕ್ಕಾಗಿ ಕಟ್ಟಡದೊಳಗಿನ ಮನೆಗಳವರು ಪ್ರದರ್ಶನದ ಹೊತ್ತಿನಲ್ಲಿ ಕಿಟಕಿಯ ಮರದ ಬಾಗಿಲು ಮುಚ್ಚಿ ದೀಪ ಆರಿಸಬೇಕು. ಎಲ್ಲರೂ ಒಪ್ಪಿದ್ದರು.

ತಾಲೀಮು ನಡೆದದ್ದು ಊರೆಲ್ಲ ಮಲಗಿದ ಮೇಲೆ. ಅತ್ತೆಗೆ ಥಂಡಿ ಹತ್ತಿ ಕೆಮ್ಮು ಬಂದಿತ್ತು, ಹಾಗಾಗಿ ನಾವು ಹೋಗಲಿಲ್ಲ. ಹಬ್ಬದ ಮೊದಲ ಸಂಜೆಯೇ ನೋಡುವುದೆಂದು ಇಟ್ಟುಕೊಂಡೆವು. ಆ ದಿನ ಬೆಳಿಗ್ಗೆ ಕ್ಲೇರ್ ನಮ್ಮ ಕೋಣೆಗೆ ಬಂದಾಗ ಅವಳ ಮುಖ ಬಿಳಿಚಿಕೊಂಡಿತ್ತು. ಮೂರನೆಯ ಮಾಳಿಗೆಯ ಒಬ್ಬ ಮುದುಕ ಇವತ್ತು ಕಿಟಕಿ ಮುಚ್ಚುವುದಿಲ್ಲ ಅನ್ನುತ್ತಿದ್ದಾನೆ. ಆ ಕಿಟಕಿ ಬರುವುದು ಸರಿಯಾಗಿ ಆನೆಯ ಹೊಟ್ಟೆಯಲ್ಲಿ. ಅಲ್ಲದೆ, ಮುಂದಿನ ವರ್ಷದ ದೊಡ್ಡ ಚೌಕದ ಕೆಲಸ ಯಾರಿಗೆ ಕೊಡಬೇಕೆಂದು ನೋಡಲು ನಗರದ ಹಿರಿಯರು ಬರುವುದೂ ಇದೇ ಸಂಜೆ.

ಅವನ ಜೊತೆ ಮಾತಾಡಲು ನನ್ನನ್ನೂ ಕರೆದಳು. ಅತ್ತೆ ಆಗಲೇ ಮಂಕಿ ಟೋಪಿ ಹಾಕಿಕೊಳ್ಳುತ್ತಿದ್ದರು.

"ನಾನೂ ಬರ್ತೇನಿ. ಗ್ವಾಡಿ ಅವರದು, ಆನಿ ನಂದು. ನಡುವ ನೀವ್ಯಾಕ ಜಗಳಾ ಆಡ್ತೀರಿ?"

ಮೂರನೆಯ ಮಾಳಿಗೆ

ಲಿಫ್ಟ್ ಇರಲಿಲ್ಲ. ಸವೆದು ಬಟ್ಟಲಾದ ಕಲ್ಲಿನ ಮೆಟ್ಟಿಲುಗಳು. ಬಾಗಿಲು ತೆರೆದವರ ಹೆಸರು ಎತಿಯೆನ್. ಅತ್ತೆಗಿಂತ ಹಿರಿಯರು, ನೀಳ ದೇಹ, ಮನೆಯೊಳಗೂ ಕುತ್ತಿಗೆಗೆ ಉಣ್ಣೆಯ ಮಫ್ಲರ್. ಜಗಳಕ್ಕೆ ಬಂದವರೆಂದು ಗೊತ್ತಿದ್ದರೂ ಮೊದಲು ಕುರ್ಚಿ ಕೊಟ್ಟರು, ಬಿಸಿ ಕಷಾಯದಂಥದ್ದೇನೋ ಕೊಟ್ಟರು. ಕೈ ನಡುಗಿ ತಟ್ಟೆಯಲ್ಲಿ ಚೆಲ್ಲಿತು.

ಮಾತು ನಡೆದ ಬಗೆ ವಿಚಿತ್ರವಾಗಿತ್ತು. ಅವರ ಫ್ರೆಂಚನ್ನು ಕ್ಲೇರ್ ಇಂಗ್ಲಿಷಿಗೆ ತರುವಳು, ನಾನು ಅದನ್ನು ಇಳಕಲ್ಲಿನ ಮಾತಿಗೆ ಇಳಿಸುವೆನು. ದಾರಿಯಲ್ಲಿ ಎಷ್ಟು ಚೆಲ್ಲಿತೋ ಗೊತ್ತಿಲ್ಲ. ನನಗೆ ತಲುಪಿದ್ದು ಇಷ್ಟು:

"ಉಳಿದ ಸಂಜೆಗಳಲ್ಲಿ ಮುಚ್ಚುತ್ತೇನೆ, ಮಾತು ಕೊಟ್ಟಿದ್ದೇನೆ. ಈ ಒಂದು ಸಂಜೆ ಆಗುವುದಿಲ್ಲ. ನಾನು ಹುಟ್ಟಿದ್ದು ಈ ಮನೆಯಲ್ಲೇ. ಬಹಳ ಹಿಂದೆ, ಇದೇ ತಾರೀಖಿಗೆ, ಎದುರಿನ ಗುಡ್ಡದ ಮೇಲೆ ಮಾತೆ ಮೇರಿಯ ಮೂರ್ತಿ ನಿಲ್ಲಿಸಿದ ದಿನ ಬಿರುಗಾಳಿ ಎದ್ದು ಸಂಭ್ರಮವೇ ನಿಂತುಹೋಗುವುದರಲ್ಲಿತ್ತಂತೆ. ಗಾಳಿ ಇಳಿದಾಗ ಊರವರು ಒಬ್ಬೊಬ್ಬರಾಗಿ ಕಿಟಕಿಗಳಲ್ಲಿ ದೀಪ ಇಟ್ಟರು. ಹಬ್ಬ ಅಂದರೆ ಅದೇ. ಇಲ್ಲಿ ಅಮ್ಮ ಹಚ್ಚುತ್ತಿದ್ದಳು, ಆಮೇಲೆ ನನ್ನ ಹೆಂಡತಿ. ಆಗ ಜನ ನಮ್ಮ ಕಿಟಕಿಗಳನ್ನು ನೋಡುತ್ತ ಬೀದಿಯಲ್ಲಿ ನಡೆಯುತ್ತಿದ್ದರು. ಈಗ ಗೋಡೆ ನೋಡುತ್ತಾರೆ. ಗೋಡೆಯ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಯಾರಿಗೂ ಗೊತ್ತಿಲ್ಲ."

ಮೇಜಿನ ಮೇಲೆ ದಪ್ಪ ಗಾಜಿನ ಲೋಟಗಳಿದ್ದವು. ಕೆಂಪು, ನೀಲಿ, ಹಸಿರು, ಒಂದೊಂದರಲ್ಲೂ ಮೊಂಡು ಮೇಣದ ಬತ್ತಿ. ಅತ್ತೆ ಒಂದನ್ನು ಎತ್ತಿಕೊಂಡು ಅದರ ಗೀರುಗಳ ಮೇಲೆ ಬೆರಳಾಡಿಸಿದರು.

"ಎಣ್ಣಿ ಹಾಕ್ತಾರೇನ ಇದಕ್ಕ?"

"ಇಲ್ರಿ ಅತ್ತಿ, ಮೇಣಬತ್ತಿ."

ಲೋಟವನ್ನು ಮೆಲ್ಲಗೆ ಇಟ್ಟರು. "ಹಂಗಾರ ಹಚ್ಚಲಿ ಇವರು. ಕ್ಲೇರವ್ವಗ ಹೇಳು."

"ಆನಿ ಹೊಟ್ಟ್ಯಾಗ ತೂತ ಬೀಳ್ತೈತ್ರಿ."

"ಬಿದ್ರ ಬೀಳ್ಲಿ ತಗೋ."

"ನಿಮ್ಮ ಸಲುವಾಗಿ ಇಷ್ಟ ದೂರ ಬಂದೇವ್ರಿ! ನೀವು ಪೂರಾ ಆನಿ ನೋಡಬೇಕಂತ."

ಆ ಮಾತು ನಾನು ಅವರೆದುರು ಆಡಬಾರದೆಂದು ಇಟ್ಟುಕೊಂಡಿದ್ದೆ. ಅತ್ತೆ ನನ್ನ ದನಿಯ ಕಡೆಗೆ ಕತ್ತು ಓರೆ ಮಾಡಿದರು.

"ನಾ ಹಾಕಿದ ಆನಿ ನನ್ನ ಬೆರಳಿಗೆ ಗೊತ್ತೈತಿ. ಇವರಿಗೆ ವರ್ಷಕ್ಕ ಇದೊಂದ ಸಂಜಿ."

ಏನಂದರು ಎಂದು ಕ್ಲೇರ್ ಕೇಳಿದಳು. ಬೇರೆ ಏನನ್ನಾದರೂ ಹೇಳಿಬಿಡಬಹುದಿತ್ತು. ಆ ಕೋಣೆಯಲ್ಲಿ ಅತ್ತೆಯ ಮಾತು ತಿಳಿಯುತ್ತಿದ್ದದ್ದು ನನ್ನೊಬ್ಬಳಿಗೇ. ಅತ್ತೆಯ ಕೈ ಇನ್ನೂ ಆ ಲೋಟದ ಮೇಲೇ ಇತ್ತು. ಇದ್ದದ್ದನ್ನು ಇದ್ದಂತೆ ಹೇಳಿದೆ. ಕ್ಲೇರ್ ಎದ್ದು ಮೆಟ್ಟಿಲಿಳಿದು ಹೋದಳು. ಅವಳ ಹೆಜ್ಜೆಯ ಸದ್ದು ಕೆಳಗಿನ ತನಕ ಕೇಳಿಸಿತು.

ದೀಪದ ಸಂಜೆ

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವಳ ಸಂದೇಶ ಬಂತು: "ಕಿಟಕಿಯ ಜಾಗ ಬಿಟ್ಟಿದ್ದೇನೆ." ಆ ಕಿಟಕಿಯ ಆಕಾರವನ್ನು ಚಿತ್ರದಿಂದ ಕತ್ತರಿಸಿ ತೆಗೆದಿದ್ದಳು, ಬೆಳಕು ಮುದುಕನ ಕಣ್ಣಿಗೆ ಬೀಳದಂತೆ. ಬೇರೆ ಏನು ಮಾಡಲೂ ಸಮಯವಿರಲಿಲ್ಲ.

ಅಲ್ಲಿ ಡಿಸೆಂಬರಿನಲ್ಲಿ ಐದು ಗಂಟೆಗೆಲ್ಲ ಕತ್ತಲು. ಚೌಕದ ಮುಂದಿನ ಸಾಲಿನಲ್ಲಿ ಅತ್ತೆಗೆಂದು ಒಂದು ಕುರ್ಚಿ ಹಾಕಿದ್ದರು. ಕೂರುವ ಬದಲು ಅತ್ತೆ ಮತ್ತೆ ಮೆಟ್ಟಿಲ ಕಡೆ ತಿರುಗಿದರು. "ಅವರ ಕೈ ನಡಗತಾವ. ದೀಪಾ ಹಚ್ಚಿಕೊಟ್ಟು ಬರ್ತೇನಿ." ಮೇಲೆ ಬಿಟ್ಟು ಬಂದೆ, ಸ್ವಲ್ಪ ಹೊತ್ತಿಗೆ ಕರೆತಂದರಾಯಿತು ಎಂದುಕೊಂಡು. ಕುರ್ಚಿ ಕಾಯಲು ಕೆಳಗೆ ನಿಂತೆ. ಅಷ್ಟರಲ್ಲಿ ಓಣಿಗಳಿಂದ ಜನ ನೀರಿನಂತೆ ಹರಿದುಬಂದರು. ಪೊಲೀಸರು ಹಗ್ಗ ಕಟ್ಟಿದರು. ಕಟ್ಟಡದ ಬಾಗಿಲು ಕಣ್ಣೆದುರಿಗೇ ಇತ್ತು, ಹೋಗಲು ದಾರಿಯಿರಲಿಲ್ಲ. ನಾನು ಎಷ್ಟು ಹೇಳಿದರೂ ಪೊಲೀಸಿನವನು ನಗುತ್ತ ತಲೆಯಾಡಿಸುತ್ತಿದ್ದ. ಬೀದಿದೀಪಗಳು ಆರಿದವು.

ಮೊದಲು ಕಂಡದ್ದು ಗೋಡೆಯ ಬುಡದಲ್ಲಿ ಒಂದು ಕೆಂಪು ಚುಕ್ಕೆ. ಅದು ಒಂದು ಹೊಲಿಗೆಯಾಯಿತು, ಒಂದು ಬಿಟ್ಟು ಇನ್ನೊಂದು, ಮತ್ತೆ ಹಿಂತಿರುಗಿ ನಡುವಿನ ಖಾಲಿ ತುಂಬುತ್ತ, ಥೇಟ್ ಅತ್ತೆಯ ಸೂಜಿ ನಡೆಯುವ ಹಾಗೆ ನಡೆಯತೊಡಗಿತು. ಗೋಡೆ ಗೋಡೆಯಾಗಿ ಉಳಿಯಲಿಲ್ಲ. ಕಪ್ಪು ಚಂದ್ರಕಾಳಿ ಸೀರೆಯೊಂದು ಆಕಾಶದಿಂದ ಜೋತುಬಿದ್ದ ಹಾಗಿತ್ತು. ದಾರ ಕಿಟಕಿಯ ಚೌಕಟ್ಟಿಗೆ ಬಂದು ತಿರುಗಿ, ಕಲ್ಲಿನ ಅಂಚು ಹತ್ತಿ, ಗೋಪುರವಾಯಿತು. ಗೋಪುರದ ನೆತ್ತಿಯಿಂದ ಹಸಿರು ನವಿಲುಗಳು ಸಾಲಾಗಿ ಇಳಿದವು. ನಾನೆಲ್ಲಿದ್ದೇನೆ ಎಂಬುದೇ ಮರೆತುಹೋಯಿತು. ನಮ್ಮ ಪಡಸಾಲೆಯಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ, ಅತ್ತೆಯ ಮೊಣಕಾಲ ಮೇಲೆ ಹರವಿಕೊಂಡಿದ್ದ ಬಟ್ಟೆಯೊಳಗೆ ನಾನೇ ಹೊಕ್ಕಂತೆ ಅನ್ನಿಸಿತು.

ಆಮೇಲೆ ಆನೆ. ಕಾಲು, ಹೊಟ್ಟೆ, ಸೊಂಡಿಲು, ಬೆನ್ನ ಮೇಲೆ ಅಂಬಾರಿ. ಆ ಹೊಟ್ಟೆಯ ನಡುವೆ ಒಂದು ತೆರೆದ ಕಿಟಕಿ, ಬಣ್ಣದ ಲೋಟಗಳಲ್ಲಿ ದೀಪ, ದೀಪದ ಹಿಂದೆ ಇಬ್ಬರು ಮುದುಕರು. ಒಬ್ಬರ ಕುತ್ತಿಗೆಗೆ ಮಫ್ಲರ್. ಇನ್ನೊಬ್ಬರಿಗೆ ಮಂಕಿ ಟೋಪಿ, ಅದರ ಮೇಲೆ ಕೆಂಪು ಸೆರಗು.

ಚೌಕದಿಂದ ಒಂದು ದೊಡ್ಡ ಉಸಿರು ಎದ್ದಿತು, ಆಮೇಲೆ ಚಪ್ಪಾಳೆ. ಎಲ್ಲವನ್ನೂ ಹೀಗೆಯೇ ಯೋಜಿಸಿದ್ದಾರೆಂದು ಜನ ತಿಳಿದರು. ಕೆಳಗೆ ಯಾರೋ ಬಂದಿರಬೇಕೆಂದುಕೊಂಡು ಅತ್ತೆ ಎರಡೂ ಕೈ ಜೋಡಿಸಿದರು. ಚೌಕದ ಜನ ನಕ್ಕರು. ನಕ್ಕವರಲ್ಲಿ ಎಷ್ಟೋ ಮಂದಿ ತಾವೂ ಕೈಜೋಡಿಸಿ ಮೇಲಕ್ಕೆತ್ತಿದರು. ನಾನು ಮಾತ್ರ ಖಾಲಿ ಕುರ್ಚಿಯ ಬೆನ್ನು ಹಿಡಿದು ಅಳುತ್ತಿದ್ದೆ. ಅಷ್ಟು ಮಂದಿ ನೋಡಿದ ಆನೆಯನ್ನು ಅದನ್ನು ಹಾಕಿದವರೇ ನೋಡದೆ ಉಳಿದರು.

ಹಗ್ಗ ಬಿಚ್ಚಿದಾಗ ಮೇಲೆ ಓಡಿದೆ. ಎತಿಯೆನ್ ಮೇಜಿಗೆ ಕೂತು ಕಟಕ ರೊಟ್ಟಿ ಮುರಿಯುತ್ತಿದ್ದರು. ಶೇಂಗಾ ಚಟ್ನಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂದಿತ್ತು, ಆದರೂ ತಿನ್ನುವುದು ಬಿಟ್ಟಿರಲಿಲ್ಲ. ಅತ್ತೆ ಕಿಟಕಿಯ ಬಳಿಯೇ ಇದ್ದರು.

"ನೀವು ನೋಡಲಿಲ್ಲಲ್ರಿ ಅತ್ತಿ" ಎಂದೆ.

"ಮಂದೀನ ನೋಡಿದ್ನಿ. ಒಮ್ಮಿ ಎಲ್ಲಾರೂ ಕೆಂಪ, ಒಮ್ಮಿ ಎಲ್ಲಾರೂ ಹಸರ. ಜ್ವಾಳದ ಹೊಲದಾಗ ಗಾಳಿ ಹೊಕ್ಕಂಗ ಇತ್ತ." ಆಮೇಲೆ ಸಣ್ಣ ದನಿಯಲ್ಲಿ, "ನಾಳೆ ಐತೇನು?" ಎಂದು ಕೇಳಿದರು.

ಆ ಪ್ರಶ್ನೆಯಿಂದ ನನಗೆ ಗೊತ್ತಾಯಿತು. ನೋಡುವ ಆಸೆ ಅವರಿಗೆ ನನಗಿಂತ ಹೆಚ್ಚಿಗಿತ್ತು.

ಮರುಸಂಜೆ

ನಾಳೆ ಇತ್ತು. ಅದರ ಮರುದಿನ ಬೆಳಿಗ್ಗೆ ನಮ್ಮ ವಿಮಾನ. ಆದರೆ ಮಧ್ಯಾಹ್ನವೇ ನದಿಗಳ ಕಡೆಯಿಂದ ಮಂಜು ಏಳತೊಡಗಿತು. ಮಂಜು ದಟ್ಟವಾದರೆ ಬೆಳಕು ಗೋಡೆ ಮುಟ್ಟುವುದೇ ಇಲ್ಲ ಎಂದಳು ಕ್ಲೇರ್. ಅತ್ತೆಯ ಜೊತೆ ಅವಳ ಮುನಿಸು ಕರಗಿತ್ತು. ಹಿಂದಿನ ಸಂಜೆ ಬಂದಿದ್ದ ನಗರದ ಹಿರಿಯರಲ್ಲಿ ಒಬ್ಬರು ಆ ತೂತೊಂದು ಇರಬಾರದಿತ್ತು ಎಂದರಂತೆ, ಇನ್ನೊಬ್ಬರು ಕಿಟಕಿಯ ಅಜ್ಜಿಯ ಹೆಸರು ಕೇಳಿದರಂತೆ. ದೊಡ್ಡ ಚೌಕದ ಕೆಲಸ ಕೊನೆಗೆ ಅವಳಿಗೆ ಸಿಗಲಿಲ್ಲ. ಅದು ಆಮೇಲೆ ತಿಳಿದದ್ದು; ಆ ಸಂಜೆ ಅವಳು ಆಕಾಶವನ್ನಷ್ಟೇ ನೋಡುತ್ತಿದ್ದಳು.

ಮೂರನೆಯ ಮಾಳಿಗೆಯ ಕಿಟಕಿಯ ಬಾಗಿಲು ಕಿರುಗುಟ್ಟುತ್ತ ಮುಚ್ಚಿಕೊಂಡಿತು. ಸ್ವಲ್ಪ ಹೊತ್ತಿನಲ್ಲಿ ಎತಿಯೆನ್ ಒಂದು ಕುರ್ಚಿ ಹೊತ್ತು ತಾವೇ ಕೆಳಗಿಳಿದು ಬಂದರು. ಆ ಗೋಡೆಯ ಮೇಲಿನ ಬೆಳಕನ್ನು ಅವರು ಹೊರಗೆ ನಿಂತು ನೋಡಿದ್ದೇ ಇಲ್ಲವಂತೆ. ಕುರ್ಚಿಯನ್ನು ಅತ್ತೆಯ ಕುರ್ಚಿಗೆ ಒತ್ತಿ ಹಾಕಿ ಕೂತರು, ಅರ್ಧ ಮಫ್ಲರ್ ಬಿಚ್ಚಿ ಅತ್ತೆಯ ಮೊಣಕಾಲಿಗೆ ಹೊದಿಸಿದರು. "ಶರಣ್ರೀ" ಎಂದರು ಅತ್ತೆ.

ಮಂಜು ಚೌಕದ ಮೇಲೆ ತೆಳುವಾಗಿ ನಿಂತಿತ್ತು, ಮುಂದೆ ಬರಲಿಲ್ಲ, ಹಿಂದೆಯೂ ಸರಿಯಲಿಲ್ಲ. ದೀಪಗಳು ಆರಿದವು. ಕೆಂಪು ಚುಕ್ಕೆ ಬಂತು. ಅತ್ತೆ ಕತ್ತು ಓರೆ ಮಾಡಿದರು. ಗೋಪುರವೆದ್ದಿತು, ನವಿಲು ಇಳಿದವು. ಅವರ ಮುಖದಲ್ಲಿ ಏನಾದರೂ ಕಂಡೀತೇ ಎಂದು ನಾನು ನೋಡುತ್ತಿದ್ದೆ. ಏನೂ ಕಾಣಲಿಲ್ಲ. ಮಂಜು ಒಳಗೂ ಹೊರಗೂ ಸೇರಿ ಎಲ್ಲವನ್ನೂ ನುಂಗಿತೇನೋ ಅನ್ನಿಸಿತು. ಆಗ ಸೆರಗಿನ ಕೆಳಗೆ ಅವರ ಬಲಗೈ ಅಲ್ಲಾಡುವುದು ಕಂಡಿತು. ಹೆಬ್ಬೆರಳು, ತೋರುಬೆರಳು ಕೂಡಿಸಿ, ಗಾಳಿಯಲ್ಲಿ ಚುಚ್ಚಿ ಎಳೆಯುತ್ತಿದ್ದರು. ಗೋಡೆಯ ಮೇಲೆ ದಾರ ಎಡಕ್ಕೆ ಹೊರಳಿದರೆ ಅವರ ಕೈಯೂ ಎಡಕ್ಕೆ. ಅದು ಮೇಲಕ್ಕೆದ್ದರೆ ಕೈಯೂ ಮೇಲಕ್ಕೆ.

ಆನೆ ನಿಂತಿತು. ಹೊಟ್ಟೆ ತುಂಬಿತು, ಸೊಂಡಿಲು ಮಡಚಿತು, ಅಂಬಾರಿ ಏರಿತು. ಜನ ಚಪ್ಪಾಳೆಗೆ ಶುರು ಮಾಡಿದರು. ನಾನು ಅತ್ತೆಯ ಕಿವಿಗೆ ಬಾಗಿ ಕೇಳಿದೆ, "ಕಾಣಸ್ತೈತೇನ್ರಿ ಅತ್ತಿ?"

ಅವರು ಗೋಡೆಯಿಂದ ಮುಖ ತಿರುಗಿಸಲಿಲ್ಲ.

"ಸುಮ್ಮನಿರವಾ," ಎಂದರು. "ಇನ್ನ ಬಾಲಾ ಬರೂದೈತಿ."